ಯಾವುದು ಒರಿಜಿನಲ್, ಯಾವುದು ಡೂಪ್ಲಿಕೇಟ್?

ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ನಡೆಯುವ 24 ಗಂಟೆಗಳ ಕಾರು ಪಂದ್ಯವನ್ನು 1929 ಮತ್ತು 1930ರಲ್ಲಿ ಗೆದ್ದುಕೊಟ್ಟದ್ದು ಬ್ರಿಟನ್ನಿನ ಬೆಂಟ್ಲಿ ಕಂಪೆನಿಯ ಒಂದೇ ಕಾರು. ‘ಓಲ್ಡ್ ನಂಬರ್ ಒನ್’ ಎಂದು ಅದರ ಹೆಸರು. ಆರು ದಶಕಗಳ ನಂತರ, 1990ರಲ್ಲಿ, ಈ ಕಾರು ಒಂದು ಕೋಟಿ ಪೌಂಡಿಗೆ ಮಾರಾಟವಾಗುವ ಒಪ್ಪಂದವಾಯಿತು. ಆದರೆ ಕೊಳ್ಳಲು ಒಪ್ಪಿದ್ದ ಸಂಸ್ಥೆ ಹಿಂದೆ ಸರಿಯಿತು. ಪಂದ್ಯ ಗೆದ್ದ ಕಾರು ಇದಲ್ಲವೇ ಅಲ್ಲ ಎಂಬುದು ಅದರ ತಕರಾರು. ವ್ಯಾಜ್ಯ ಲಂಡನ್ನಿನ ಹೈಕೋರ್ಟಿಗೆ ಹೋಯಿತು.

ಇಂಥ ಸಂಶಯಕ್ಕೆ ಕಾರಣವಿದೆ. ಕಾರು ಎಂದರೆ ಸವೆಯುವ ವಸ್ತು. ಬೆಂಟ್ಲಿ ಕಂಪೆನಿ 1931ರಲ್ಲಿ ದಿವಾಳಿಯಾಗಿ ರೋಲ್ಸ್ ರಾಯ್ಸ್ ಪಾಲಾಯಿತು. ಅಂಥ ಹಳೆಯ ಕಾರುಗಳ ಬಿಡಿಭಾಗಗಳನ್ನು ಕಾಲಾನಂತರ ಹೊಸದಾಗಿ ಮಾಡಿಸದೆ ಗತಿಯಿರಲಿಲ್ಲ. ಹಾಗಾದರೆ ಹಳೆಯದನ್ನೂ ಹೊಸದನ್ನೂ ಬೇರ್ಪಡಿಸುವುದು ಹೇಗೆ?

ಮೊದಲ ಸಾಕ್ಷಿ ನಟ್ಟು ಬೋಲ್ಟುಗಳದು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ 55 ಡಿಗ್ರಿ ಕೋನದ ಥ್ರೆಡ್ ಬಳಕೆಯಲ್ಲಿತ್ತು. ಇಂದಿನ ಮೆಟ್ರಿಕ್ ಬೋಲ್ಟಿನದು 60 ಡಿಗ್ರಿ. ತಲೆಯ ಮೇಲೆ ‘ಪ್ಲಸ್’ ಗುರುತಿರುವ ಫಿಲಿಪ್ಸ್ ಸ್ಕ್ರೂ ಕಾರು ತಯಾರಿಕೆಗೆ ಬಂದದ್ದೇ 1936ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನ ಮೂಲಕ. 1929ರ ಗಾಡಿಯಲ್ಲಿ ಅದು ಕಂಡರೆ, ಆ ಜಾಗಕ್ಕೆ ಆಮೇಲೆ ಯಾರದೋ ಕೈ ಬಿದ್ದಿದೆ ಎಂದೇ ಅರ್ಥ.

ಎರಡನೆಯದು ಲೇಪ. 1920ರ ದಶಕದ ಕೊನೆಯವರೆಗೂ ಹೊಳಪಿಗಾಗಿ ಬಳಸುತ್ತಿದ್ದದ್ದು ಹೆಚ್ಚಾಗಿ ನಿಕ್ಕಲ್. ಅದರಲ್ಲಿ ತುಸು ಹಳದಿ ಛಾಯೆ ಇರುತ್ತದೆ. ಬಳಿಕ ಬಂದ ಕ್ರೋಮಿಯಂನದು ನೀಲಿ ಛಾಯೆ. ಆದರೆ ಹಳೆಯ ಭಾಗಕ್ಕೇ ಹೊಸ ಲೇಪ ಕೊಟ್ಟಿರಲೂ ಸಾಧ್ಯ. ಆದ್ದರಿಂದ ಈ ಒಂದೇ ಗುರುತನ್ನು ನಂಬುವಂತಿಲ್ಲ.

ಎಲ್ಲಕ್ಕಿಂತ ಸ್ವಾರಸ್ಯದ ಸುಳಿವು ಎರಕದಲ್ಲಿದೆ. ಹಳೆಯ ಭಾಗವನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಅಚ್ಚು ತೆಗೆದು ಲೋಹ ಸುರಿದರೆ, ಆರುವಾಗ ಲೋಹ ಕುಗ್ಗುತ್ತದೆ. ಎರಕದ ಕಬ್ಬಿಣ ಸುಮಾರು ನೂರಕ್ಕೆ ಒಂದರಷ್ಟು, ಅಲ್ಯುಮಿನಿಯಂ ಅದಕ್ಕಿಂತ ತುಸು ಹೆಚ್ಚು. ಹೀಗಾಗಿ ನಕಲು ಮೂಲಕ್ಕಿಂತ ಕೊಂಚ ಚಿಕ್ಕದು, ಉಬ್ಬಕ್ಷರಗಳೂ ಮಸುಕು. ಕಣ್ಣಿಗೆ ಕಾಣದ ಈ ವ್ಯತ್ಯಾಸ ಅಳತೆಗೆ ಸಿಗುತ್ತದೆ. ಸುತ್ತಿಗೆಯಿಂದ ಹೊಡೆದು ಮೂಡಿಸಿದ ನಂಬರುಗಳನ್ನೂ ಹೀಗೆಯೇ ಪರೀಕ್ಷಿಸುತ್ತಾರೆ. ಅಂಕಿಗಳ ಸುತ್ತ ಅರ ಉಜ್ಜಿದ ಗೆರೆಗಳಿದ್ದರೆ, ಹಳೆಯ ನಂಬರು ಅಳಿಸಿ ಹೊಸದನ್ನು ಹಾಕಿರುವ ಅನುಮಾನ ಏಳುತ್ತದೆ.

‘ಓಲ್ಡ್ ನಂಬರ್ ಒನ್’ ವಿಷಯದಲ್ಲಿ ಇಂಥ ಪರೀಕ್ಷೆಗಳ ಫಲ ಮಾಲೀಕನಿಗೆ ಅನುಕೂಲವಾಗಿರಲಿಲ್ಲ. 1929ರ ಗಾಡಿಯದೆಂದು ಖಚಿತವಾಗಿ ಹೇಳಬಹುದಾದದ್ದು ಏನೂ ಉಳಿದಿರಲಿಲ್ಲ. 1930ರ ಕಾರಿನಿಂದ ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ದಂಡದಂಥ ಕೆಲವೇ ಭಾಗಗಳು ಬಂದಿದ್ದವು. 1932ರ ವೇಳೆಗೆ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ ಕೂಡಿಸಲಾಗಿತ್ತು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಕಾರು ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್ಫಿ ಸತ್ತ. ಆಮೇಲೆ ಅದರ ಬಾಡಿಯೂ ಬದಲಾಯಿತು.

ಹೀಗಿದ್ದೂ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪು ಮಾಲೀಕನ ಪರವಾಗಿತ್ತು. ಭಾಗಗಳು ಒಂದೊಂದಾಗಿ ಬದಲಾದರೂ ಕಾರಿನ ಬಾಳು ನಡುವೆ ಎಲ್ಲೂ ತುಂಡಾಗಿರಲಿಲ್ಲ. ಆ ಹೆಸರಿಗೆ ಹಕ್ಕುದಾರನಾಗಬಲ್ಲ ಮತ್ತೊಂದು ಕಾರು ಜಗತ್ತಿನಲ್ಲಿರಲಿಲ್ಲ. ಆದ್ದರಿಂದ ಇದೇ ಅಧಿಕೃತ ‘ಓಲ್ಡ್ ನಂಬರ್ ಒನ್’ ಎಂದು ನ್ಯಾಯಾಲಯ ಒಪ್ಪಿತು.

ಬಿಡಿಭಾಗದ ವಯಸ್ಸನ್ನು ಲೋಹವೇ ಹೇಳುತ್ತದೆ; ಕಾರಿನ ಗುರುತನ್ನು ಹೇಳುವುದು ಅದರ ಚರಿತ್ರೆ. ಆ ಚರಿತ್ರೆ ನಂಬುವಂತಿರಬೇಕಾದರೆ ಬದಲಾದ ಪ್ರತಿ ಭಾಗದ ಲೆಕ್ಕವೂ ಸಿಗಬೇಕು. ಹೊಸ ಭಾಗ ಹಾಕಿದ ದಿನವನ್ನು ಬರೆದಿಟ್ಟ ಮಾಲೀಕ ಕಾರಿನ ಆಯುಸ್ಸನ್ನು ಬೆಳೆಸುತ್ತಾನೆ. ಅದಕ್ಕೆ ಹಳೆಯ ನಂಬರು ಹೊಡೆದು ಮುಚ್ಚಿಟ್ಟವನು ಅಸಲಿಯಾಗಿ ಉಳಿದ ಭಾಗಗಳ ಮೇಲೂ ಅನುಮಾನ ತರುತ್ತಾನೆ.