ತೆರೆಯ ಬಣ್ಣ ಯಾರ ಕೈಯಲ್ಲಿದೆ? – ಲಿನಕ್ಸ್ ಥೀಮ್‌ಗಳ ಇತಿಹಾಸ

ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ತೆರೆಯ ಮೇಲೆ ಮೂಡುವ ದೃಶ್ಯವನ್ನು ನಾವು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಕಿಟಕಿಯ ಅಂಚು ನೀಲಿಯೇ ಏಕೆ? ಮುಚ್ಚುವ ಗುಂಡಿ ಬಲ ಮೂಲೆಯಲ್ಲೇ ಏಕೆ? ಅಕ್ಷರ ಇಷ್ಟೇ ದಪ್ಪ ಏಕೆ? ಇವು ನಿಸರ್ಗ ನಿಯಮಗಳಲ್ಲ, ಯಾರೋ ಕುಳಿತು ಮಾಡಿದ ತೀರ್ಮಾನಗಳು. ಆ ತೀರ್ಮಾನವನ್ನು ಬಳಕೆದಾರ ಬದಲಿಸಬಹುದೇ? ಈ ಪ್ರಶ್ನೆಗೆ ಲಿನಕ್ಸ್ ಜಗತ್ತು ಕಾಲಕಾಲಕ್ಕೆ ಕೊಟ್ಟ ಉತ್ತರಗಳೇ ‘ಥೀಮ್’ಗಳ ಇತಿಹಾಸ. ಕನ್ನಡದಲ್ಲಿ ಗಣಕ ಬಳಸುವ ನಮಗಂತೂ ಇದು ಬರೀ ಅಲಂಕಾರದ ಮಾತಲ್ಲ, ಓದಲು ಆಗುತ್ತದೆಯೋ ಇಲ್ಲವೋ ಎಂಬ ಮಾತು.

ಥೀಮ್ ಎಂದರೇನು? ಗೋಕಾಕದ ಗೊಂಬೆಗಳನ್ನು ನೆನಪಿಸಿಕೊಳ್ಳಿ. ಅಲ್ಲಿಯ ಕುಶಲಕರ್ಮಿಗಳು ಹಗುರ ಮರದಲ್ಲಿ ಹಣ್ಣು, ತರಕಾರಿಗಳನ್ನು ಮಾಡಿ ಬಣ್ಣ ಹಚ್ಚುತ್ತಾರೆ. ಕೆತ್ತಿದ ಮಾವಿಗೆ ಹಸಿರು ಬಳಿದರೆ ಕಾಯಿ, ಹಳದಿ ಬಳಿದರೆ ಹಣ್ಣು. ಒಳಗಿನ ಮರ ಒಂದೇ. ಅದೇ ರೀತಿ ತಂತ್ರಾಂಶದ ಕೆಲಸವನ್ನು ಮುಟ್ಟದೆ ಅದರ ಬಣ್ಣ, ಗುಂಡಿ, ಅಂಚು, ಚಿತ್ರಸಂಕೇತ ಹಾಗೂ ಅಕ್ಷರಗಳ ರೂಪವನ್ನಷ್ಟೇ ನಿರ್ಧರಿಸುವ ಕಡತಗಳ ಕಟ್ಟೇ ಥೀಮ್. ಮರವೂ ಬಣ್ಣವೂ ಬೇರೆ ಬೇರೆಯಾಗಿದ್ದರೆ ಮಾತ್ರ ಇದು ಸಾಧ್ಯ. ಹಾಗೆ ಬೇರ್ಪಡಿಸಿದ್ದು ಯಾವಾಗ?

ಮೊದಲ ಬೇರ್ಪಡಿಕೆ

ಲಿನಕ್ಸ್ ಹುಟ್ಟುವ ಏಳು ವರ್ಷ ಮೊದಲೇ, 1984ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ‘ಎಕ್ಸ್ ವಿಂಡೋ’ ವ್ಯವಸ್ಥೆಯ ಕೆಲಸ ಆರಂಭವಾಯಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅದರ ಪ್ರಮುಖರು. ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂತು. ಅವರು ಪಾಲಿಸಿದ ಸೂತ್ರ ಸರಳವಾದದ್ದು: ತೆರೆಯ ಮೇಲೆ ಗೆರೆ, ಬಣ್ಣ, ಅಕ್ಷರ ಮೂಡಿಸುವ ಸಾಧನವನ್ನಷ್ಟೇ ಕೊಡಬೇಕು, ಅದು ಹೇಗೆ ಕಾಣಬೇಕೆಂಬುದನ್ನು ಮೇಲಿನ ತಂತ್ರಾಂಶಗಳಿಗೆ ಬಿಡಬೇಕು. ಹೀಗಾಗಿ ಕಿಟಕಿಗಳ ಚೌಕಟ್ಟನ್ನು ಬಿಡಿಸುವ ಕೆಲಸವೂ ಪ್ರತ್ಯೇಕ ತಂತ್ರಾಂಶವೊಂದರ ಪಾಲಿಗೆ ಬಂತು. ಅದಕ್ಕೆ ‘ವಿಂಡೋ ಮ್ಯಾನೇಜರ್’ ಎಂದು ಹೆಸರು. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಗಣಕದ ಮುಖವೇ ಬದಲು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಪ್ರಕಟಿಸಿದಾಗ ಅದರ ಮೇಲೂ ಎಕ್ಸ್ ಬಂದು ಕುಳಿತಿತು. ಆದರೆ ಆಗ ಬಣ್ಣ ಬದಲಿಸುವುದೆಂದರೆ ಪಠ್ಯ ಕಡತವೊಂದನ್ನು ತೆರೆದು ಸಾಲು ಸಾಲಾಗಿ ಬಣ್ಣದ ಹೆಸರು ಬರೆಯುವುದು. ಅದೂ ಒಂದು ತಂತ್ರಾಂಶಕ್ಕೆ ಹೊಂದಿದರೆ ಇನ್ನೊಂದಕ್ಕೆ ಹೊಂದದು. ಒಂದೇ ತೆರೆಯ ಮೇಲೆ ಮೂರು ಬಗೆಯ ಗುಂಡಿ, ನಾಲ್ಕು ಬಗೆಯ ಪಟ್ಟಿ!

ಎರಡು ಬಳಗಗಳು

ಈ ಗೊಂದಲವನ್ನು ಕಂಡು 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಕೆಡಿಇ ಯೋಜನೆಯನ್ನು ಘೋಷಿಸಿದರು. ಎಲ್ಲ ತಂತ್ರಾಂಶಗಳೂ ಒಂದೇ ರೀತಿ ಕಾಣಬೇಕು, ಒಂದೇ ರೀತಿ ನಡೆದುಕೊಳ್ಳಬೇಕು ಎಂಬುದು ಗುರಿ. ಆದರೆ ಅದಕ್ಕೆ ಆಧಾರವಾದ ‘ಕ್ಯೂಟಿ’ ಎಂಬ ಉಪಕರಣ ಸಂಚಯ ಆಗ ಪೂರ್ಣ ಮುಕ್ತವಾಗಿರಲಿಲ್ಲ. ಇದನ್ನು ಒಪ್ಪದ ಮಿಗೆಲ್ ಡಿ ಇಕಾಜ಼ ಮತ್ತು ಫೆಡೆರಿಕೊ ಮೆನಾ 1997ರ ಆಗಸ್ಟ್‌ನಲ್ಲಿ ಗ್ನೋಮ್ ಯೋಜನೆ ಆರಂಭಿಸಿದರು. ಅವರು ಆರಿಸಿದ ಸಂಚಯ ‘ಜಿಟಿಕೆ’. ಇದು ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ತಮ್ಮ ಚಿತ್ರ ತಿದ್ದುವ ‘ಗಿಂಪ್’ ತಂತ್ರಾಂಶಕ್ಕಾಗಿ ಕಟ್ಟಿಕೊಂಡದ್ದು. 2000ದಲ್ಲಿ ಕ್ಯೂಟಿ ಕೂಡ ಮುಕ್ತ ಪರವಾನಗಿಯಡಿ ಬಂತು. ಅಷ್ಟರಲ್ಲಿ ಎರಡೂ ಬಳಗಗಳು ಬೇರೂರಿದ್ದವು.

ಸಂಘಟಿತ ಬಳಕೆದಾರರೇ ವ್ಯವಸ್ಥೆಯೊಂದನ್ನು ನಡೆಸುವುದು ನಮಗೆ ಹೊಸದಲ್ಲ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಮನೆ, ಹೊಲಗಳಿಗೆ ವಿದ್ಯುತ್ ಹಂಚುತ್ತ ಬಂದಿದೆ. ಮುಕ್ತ ತಂತ್ರಾಂಶದ ಬಳಗಗಳಲ್ಲೂ ಹೀಗೆಯೇ: ಬಳಸುವವನು ಬಯಸಿದರೆ ಕಟ್ಟುವವನೂ ಆಗಬಹುದು. ಬಯಸಿದವರು ಬಹಳ ಮಂದಿ ಇದ್ದರು. ‘ರಾಸ್ಟರ್‌ಮ್ಯಾನ್’ ಎಂದೇ ಪ್ರಸಿದ್ಧರಾದ ಕಾರ್ಸ್ಟನ್ ಹೈಟ್ಸ್‌ಲರ್ ‘ಎನ್‌ಲೈಟನ್‌ಮೆಂಟ್’ ಎಂಬ ವಿಂಡೋ ಮ್ಯಾನೇಜರಿನಲ್ಲಿ ಕಿಟಕಿಯ ಪ್ರತಿಯೊಂದು ಅಂಚನ್ನೂ ಚಿತ್ರಗಳಿಂದ ಬದಲಿಸಬಹುದೆಂದು ತೋರಿಸಿದರು. 1990ರ ದಶಕದ ಕೊನೆಗೆ ಆ ಸೌಲಭ್ಯ ಜಿಟಿಕೆಗೂ ಬಂತು. ಲೋಹದ ಕಿಟಕಿ, ಮರದ ಕಿಟಕಿ, ಗಾಜಿನ ಕಿಟಕಿ ಎಂದು ತೆರೆಯ ಮೇಲೆ ಜಾತ್ರೆಯೇ ನೆರೆಯಿತು.

2002ರ ಸೆಪ್ಟೆಂಬರ್‌ನಲ್ಲಿ ರೆಡ್ ಹ್ಯಾಟ್ ತನ್ನ ಎಂಟನೆಯ ಆವೃತ್ತಿಯಲ್ಲಿ ‘ಬ್ಲೂಕರ್ವ್’ ಎಂಬ ಥೀಮ್ ಕೊಟ್ಟಿತು. ಕೆಡಿಇ ಮತ್ತು ಗ್ನೋಮ್ ಎರಡೂ ಅದರಲ್ಲಿ ಒಂದೇ ರೀತಿ ಕಾಣುತ್ತಿದ್ದವು. ಹೊಸಬರಿಗೆ ಅನುಕೂಲವಾಯಿತು. ತಮ್ಮ ಗುರುತು ಅಳಿಸಿಹೋಯಿತೆಂದು ಕೆಡಿಇ ಬಳಗದ ಕೆಲವರು ಮುನಿಸಿಕೊಂಡರು. 2004ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು ಕಂದು ಬಣ್ಣವನ್ನೇ ತನ್ನ ಗುರುತಾಗಿಸಿಕೊಂಡಿತು. 2011ರಲ್ಲಿ ಗ್ನೋಮ್ ಮೂರನೆಯ ಆವೃತ್ತಿಯೊಂದಿಗೆ ಥೀಮ್ ಬರೆಯುವ ರೀತಿಯೇ ಬದಲಾಯಿತು. ಜಾಲಪುಟಗಳ ರೂಪ ಹೇಳಲು ಬಳಸುವ ಸಿಎಸ್ಎಸ್ ಭಾಷೆಯೇ ಥೀಮಿನ ಭಾಷೆಯೂ ಆಯಿತು.

ಮೂರು ಊರುಗಳ ಪರೀಕ್ಷೆ

ಈ ಎಲ್ಲ ವೈಭವದಲ್ಲಿ ಕನ್ನಡ ಎಲ್ಲಿತ್ತು? 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸಂಕೇತವಿದ್ದರೆ ಸಾಲದು, ಅದನ್ನು ಸರಿಯಾಗಿ ಜೋಡಿಸಿ ಬಿಡಿಸಬೇಕು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮೂರು ವಲಯಗಳ ಹೆಸರನ್ನೇ ತೆಗೆದುಕೊಳ್ಳೋಣ.

‘ಮೂಡಲಗಿ’ಯಲ್ಲಿ ಆರು ಸಂಕೇತಗಳಿವೆ. ಕೊನೆಯ ‘ಗಿ’ಯನ್ನು ನೋಡಿ: ‘ಗ’ದ ತಲೆಕಟ್ಟು ಹೋಗಿ ಗುಡಿಸು ಅದರೊಳಗೆ ಬೆರೆತಿದೆ. ಎರಡು ಸಂಕೇತಗಳಿಗೆ ಒಂದೇ ಹೊಸ ಆಕಾರ ಬೇಕು. ‘ಗೋಕಾಕ’ದಲ್ಲಿ ಐದು ಸಂಕೇತಗಳು. ಇಲ್ಲಿ ‘ಓ’ಕಾರದ ಚಿಹ್ನೆ ಸಂಕೇತದಲ್ಲಿ ಒಂದೇ, ತೆರೆಯ ಮೇಲೆ ಮಾತ್ರ ಅದು ಎತ್ವ, ಕೊಂಬು, ದೀರ್ಘ ಎಂದು ಬಿಡಿ ಭಾಗಗಳಾಗಿ ಹರಡಿಕೊಳ್ಳುತ್ತದೆ. ಇನ್ನು ‘ಹುಕ್ಕೇರಿ’. ಎಂಟು ಸಂಕೇತಗಳು, ಕಾಣುವುದು ಮೂರೇ ಅಕ್ಷರ. ‘ಕ್ಕೇ’ಯಲ್ಲಿ ಏತ್ವದ ಸಂಕೇತ ಎರಡನೆಯ ‘ಕ’ದ ನಂತರ ಬಂದರೂ ಎತ್ವ ಕೂರುವುದು ಮೊದಲ ‘ಕ’ದ ತಲೆಯ ಮೇಲೆ, ಒತ್ತು ಕೆಳಗಿಳಿಯುತ್ತದೆ, ದೀರ್ಘ ಬಲಕ್ಕೆ ಸರಿಯುತ್ತದೆ. ಈ ಮೂರು ಹೆಸರು ಸರಿಯಾಗಿ ಮೂಡಿದರೆ ಆ ಗಣಕ ಕನ್ನಡದ ಮೊದಲ ಪರೀಕ್ಷೆಯಲ್ಲಿ ಪಾಸಾದಂತೆ.

ಜಿಟಿಕೆಗೆ ಈ ಸಾಮರ್ಥ್ಯ ಕೊಟ್ಟದ್ದು 2002ರ ಮಾರ್ಚ್‌ನಲ್ಲಿ ಎರಡನೆಯ ಆವೃತ್ತಿಯೊಂದಿಗೆ ಬಂದ ‘ಪ್ಯಾಂಗೋ’. ಗ್ರೀಕಿನ ‘ಪ್ಯಾನ್’ ಎಂದರೆ ಎಲ್ಲ, ಜಪಾನಿಯ ‘ಗೋ’ ಎಂದರೆ ಭಾಷೆ. ಹೆಸರಿನಲ್ಲೇ ಅದರ ಆಶಯವಿದೆ. ಮುಂದೆ ಈ ಜೋಡಣೆಯ ಕೆಲಸವನ್ನು ‘ಹಾರ್ಫ್‌ಬಜ಼್’ ವಹಿಸಿಕೊಂಡಿತು. ಮುಕ್ತ ಅಕ್ಷರಶೈಲಿಗಳ ಸಾಲಿಗೆ ರೆಡ್ ಹ್ಯಾಟ್‌ನ ‘ಲೋಹಿತ್ ಕನ್ನಡ’, ಬಳಿಕ ‘ಗುಬ್ಬಿ’, ‘ನವಿಲು’ ಸೇರಿದವು.

ಆದರೂ ಒಂದು ತೊಡಕು ಉಳಿಯಿತು, ಅದು ನೇರವಾಗಿ ಥೀಮಿಗೆ ಸೇರಿದ್ದು. ಬಹಳಷ್ಟು ಥೀಮ್‌ಗಳನ್ನು ರೋಮನ್ ಅಕ್ಷರಗಳ ಅಳತೆಗೆ ಮಾಡಿರುತ್ತಾರೆ. ಶೀರ್ಷಿಕೆ ಪಟ್ಟಿಯನ್ನು ಚಿತ್ರಗಳಿಂದ ಕಟ್ಟಿದ ಥೀಮ್‌ಗಳಲ್ಲಿ ಪಟ್ಟಿಯ ಎತ್ತರ ಚಿತ್ರದ ಎತ್ತರದಷ್ಟೇ. ‘ಗೋಕಾಕ’ ಅದರೊಳಗೆ ಹಿಡಿಸುತ್ತದೆ. ‘ಹುಕ್ಕೇರಿ’ಯ ಒತ್ತಕ್ಷರಕ್ಕೆ ಕತ್ತರಿ ಬೀಳಬಹುದು. ‘ಹುಕ್ಕೇರಿ’ ‘ಹುಕೇರಿ’ಯಾದರೆ ಅದು ಅಲಂಕಾರದ ದೋಷವಲ್ಲ, ಕಾಗುಣಿತದ ದೋಷ. ಓದು ಕಲಿಯುತ್ತಿರುವ ಮಗುವಿನ ಮುಂದೆ ಇಂಥ ತೆರೆಯನ್ನು ಇಡುವುದು ಸರಿಯೇ?

ನೀವೇ ಹಾಕಿ ನೋಡಿ

ನಮ್ಮ ರಾಜ್ಯದ ಅನೇಕ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಅಪರಿಚಿತವಲ್ಲ. 2011ರ ನಂತರ ನಡೆದ ‘ವಿಷಯ ಶಿಕ್ಷಕರ ವೇದಿಕೆ’ ತರಬೇತಿಗಳಲ್ಲಿ ಅದನ್ನೇ ಬಳಸಲಾಯಿತು. ಥೀಮ್ ಹಾಕುವ ಕ್ರಮ ಹೀಗಿದೆ.

ಮೊದಲು ನಿಮ್ಮ ಲಿನಕ್ಸ್ ವಿತರಣೆಯ ಅಧಿಕೃತ ಭಂಡಾರದಲ್ಲೇ ಥೀಮ್ ಹುಡುಕಿ. ಹೊರಗಿನಿಂದ ತಂದದ್ದಾದರೆ ಒತ್ತಿದ ಕಡತವನ್ನು ಬಿಚ್ಚಿ, ಬಂದ ಕಡತಕೋಶವನ್ನು ನಿಮ್ಮ ಮನೆಕೋಶದ ‘.ಥೀಮ್ಸ್’ ಎಂಬ ಕೋಶದಲ್ಲಿಡಿ. ಹೆಸರಿನ ಮೊದಲಿಗೆ ಚುಕ್ಕಿ ಇರುವುದರಿಂದ ಅದು ಮರೆಯಾಗಿರುತ್ತದೆ. ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಕೋಶ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಚಿತ್ರಸಂಕೇತಗಳ ಕಟ್ಟು ‘.ಐಕಾನ್ಸ್’ ಕೋಶಕ್ಕೆ ಹೋಗಬೇಕು. ಬಳಿಕ ಮಾಟೆ, ಎಕ್ಸ್‌ಎಫ್‌ಸಿಇ ಮೊದಲಾದ ಪರಿಸರಗಳಲ್ಲಿ ‘ಅಪಿಯರೆನ್ಸ್’ ಎಂಬಲ್ಲಿಯೂ, ಗ್ನೋಮ್‌ನಲ್ಲಿ ‘ಟ್ವೀಕ್ಸ್’ ಉಪಕರಣದಲ್ಲಿಯೂ ಅದರ ಹೆಸರನ್ನು ಆರಿಸಿ. ಹೀಗೆ ಮನೆಕೋಶದಲ್ಲಿಟ್ಟ ಥೀಮ್ ನಿಮ್ಮ ಖಾತೆಗೆ ಮಾತ್ರ ಅನ್ವಯಿಸುತ್ತದೆ, ಬೇರೆಯವರ ತೆರೆ ಕೆಡುವುದಿಲ್ಲ. ಬೇಡವೆನಿಸಿದರೆ ಹಳೆಯದನ್ನೇ ಮತ್ತೆ ಆರಿಸಿದರಾಯಿತು.

ಒಂದು ಎಚ್ಚರಿಕೆ. ಸಾಮಾನ್ಯ ಜಿಟಿಕೆ ಥೀಮ್ ಎಂದರೆ ಬಣ್ಣ, ಅಳತೆ, ಚಿತ್ರಗಳ ವಿವರವಷ್ಟೇ. ಕೆಡಿಇಯ ‘ಗ್ಲೋಬಲ್ ಥೀಮ್’ಗಳು ಮಾತ್ರ ತಮ್ಮೊಡನೆ ಆದೇಶಗಳನ್ನೂ ಹೊತ್ತು ತರಬಲ್ಲವು. 2024ರ ಮಾರ್ಚ್‌ನಲ್ಲಿ ಅಂಥ ಒಂದು ಥೀಮ್ ಬಳಕೆದಾರರೊಬ್ಬರ ಕಡತಗಳನ್ನೇ ಅಳಿಸಿಹಾಕಿತು. ಶಾಲೆಯ ಗಣಕಕ್ಕೆ ಅಪರಿಚಿತ ಮೂಲದ ಥೀಮ್ ಬೇಡ.

ಬಣ್ಣ ಆರಿಸುವಾಗ ಭೌತಶಾಸ್ತ್ರವನ್ನು ಮರೆಯಬೇಡಿ. ಕಣ್ಣಿಗೆ ತೋರುವ ಉಜ್ವಲತೆಯಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು 7%. ಎರಡು ಬಣ್ಣಗಳ ಉಜ್ವಲತೆಗೆ ತಲಾ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ವೈದೃಶ್ಯದ ಪ್ರಮಾಣ ಸಿಗುತ್ತದೆ. ಬಿಳಿಯ ಮೇಲೆ ಕಪ್ಪಿಗೆ ಅದು 21; ಬಿಳಿಯ ಮೇಲೆ ಹಳದಿಗೆ 1.07 ಮಾತ್ರ! ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕೆಂಬುದು ಅಂಗೀಕೃತ ಮಾನದಂಡ. ಕಪ್ಪು ಥೀಮ್ ವಿದ್ಯುತ್ ಉಳಿಸುತ್ತದೆಂಬ ಮಾತೂ ಎಲ್ಲ ತೆರೆಗಳಿಗೆ ಸಲ್ಲದು. ಓಎಲ್ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಉಳಿತಾಯ ನಿಜ. ಸಾಧಾರಣ ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ, ಕಪ್ಪು ಬಿಂದು ಆ ಬೆಳಕನ್ನು ತಡೆಯುತ್ತದೆ ಅಷ್ಟೆ.

ಮುಗಿಯದ ವಾದ

2019ರ ಮೇ ತಿಂಗಳಲ್ಲಿ ಗ್ನೋಮ್‌ಗೆ ತಂತ್ರಾಂಶ ಬರೆಯುವ ಹಲವರು ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. ವಿತರಕರು ತಮ್ಮ ಥೀಮನ್ನು ಎಲ್ಲ ತಂತ್ರಾಂಶಗಳ ಮೇಲೂ ಹೇರುವುದರಿಂದ ಗುಂಡಿಗಳು ಮರೆಯಾಗುತ್ತವೆ, ಅಕ್ಷರ ಓದಲಾಗುವುದಿಲ್ಲ, ದೂರು ಮಾತ್ರ ತಮಗೆ ಬರುತ್ತದೆ ಎಂಬುದು ಅವರ ಅಳಲು. ತನ್ನ ಗಣಕವನ್ನು ತಾನೇ ತಿದ್ದಿಕೊಳ್ಳುವ ವ್ಯಕ್ತಿಯ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಆದರೆ 2022ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 42ರಲ್ಲಿ ಅನೇಕ ತಂತ್ರಾಂಶಗಳು ‘ಲಿಬ್‌ಅದ್ವೈತ’ ಎಂಬ ಹೊಸ ಸಂಚಯಕ್ಕೆ ಬದಲಾದವು. ಅವು ಹೊರಗಿನ ಥೀಮನ್ನು ಸುಲಭವಾಗಿ ಒಪ್ಪುವುದಿಲ್ಲ. ಇಬ್ಬಗೆಯಿಲ್ಲದ ಒಂದೇ ರೂಪ ಎಂಬ ಅರ್ಥದಲ್ಲಿ ನಮ್ಮ ‘ಅದ್ವೈತ’ ಪದವೇ ಅಲ್ಲಿ ಕುಳಿತಿರುವುದು ಕುತೂಹಲಕರ. 2024ರ ಸೆಪ್ಟೆಂಬರ್‌ನ ಗ್ನೋಮ್ 47 ಮುಖ್ಯ ಬಣ್ಣವೊಂದನ್ನು ಆರಿಸುವ ಅವಕಾಶ ಕೊಟ್ಟಿತು. ಕೆಡಿಇ, ಎಕ್ಸ್‌ಎಫ್‌ಸಿಇ, ಮಾಟೆಗಳು ಹಳೆಯ ಸ್ವಾತಂತ್ರ್ಯವನ್ನು ಉಳಿಸಿಕೊಂಡಿವೆ.

ಎರಡೂ ಕಡೆ ನ್ಯಾಯವಿದೆ. ಎಲ್ಲವೂ ಒಂದೇ ರೀತಿ ಇದ್ದರೆ ದೋಷ ಹುಡುಕುವುದು ಸುಲಭ. ಆದರೆ ಆ ಒಂದೇ ರೀತಿಯಲ್ಲಿ ಒತ್ತಕ್ಷರಕ್ಕೆ ಜಾಗ ಇಲ್ಲದಿದ್ದರೆ? ಆಗ ಅದನ್ನು ತಿದ್ದುವ ಅಧಿಕಾರ ಕನ್ನಡ ಓದುವವನ ಕೈಯಲ್ಲಿರಬೇಕು. ತೆರೆದ ಕಡತ, ಓದಬಲ್ಲ ಭಾಷೆ, ಬದಲಿಸುವ ಅನುಮತಿ ಈ ಮೂರೂ ಇರುವುದರಿಂದಲೇ ಲಿನಕ್ಸ್‌ನಲ್ಲಿ ಅದು ಸಾಧ್ಯ.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿ ಮಾಡಿಸಬಹುದು. ವಿದ್ಯಾರ್ಥಿಗಳು ಮೂರು ಕಡತಕೋಶಗಳಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಹೆಸರಿಡಲಿ. ಒಂದೊಂದನ್ನೂ ತೆರೆದು, ನಾಲ್ಕು ಥೀಮ್‌ಗಳಲ್ಲಿ ಶೀರ್ಷಿಕೆ ಪಟ್ಟಿಯನ್ನು ಗಮನಿಸಿ ಎಲ್ಲಿ ಯಾವ ಅಕ್ಷರ ಕತ್ತರಿಸಿದೆ ಎಂದು ಪಟ್ಟಿ ಮಾಡಲಿ. ವೈದೃಶ್ಯದ ಪ್ರಮಾಣವನ್ನೂ ಲೆಕ್ಕ ಹಾಕಲಿ. ಕತ್ತರಿಸಿದ ಒತ್ತು ಕಂಡರೆ ಥೀಮ್ ಮಾಡಿದವರಿಗೆ ಚಿತ್ರಸಹಿತ ವರದಿ ಕಳುಹಿಸಲಿ. ಹುಕ್ಕೇರಿಯ ಒತ್ತಕ್ಷರವನ್ನು ಎಂದೂ ನೋಡಿರದ ವಿನ್ಯಾಸಕಾರನಿಗೆ ಅದನ್ನು ತೋರಿಸಿಕೊಡುವವರು ನಾವಲ್ಲದೆ ಇನ್ನಾರು?