ಕಬ್ಬಿನ ಟ್ರ್ಯಾಕ್ಟರಿಗೆ ಎಂಥ ದೀಪ? – ಒಂದಿಷ್ಟು ಇತಿಹಾಸ



ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಸ್ತೆಗಳಿಗೆ ರಾತ್ರಿ ಎಂಬುದೇ ಇರುವುದಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಸಾಲು ಸಾಲಾಗಿ ಕಾರ್ಖಾನೆಯ ಕಡೆಗೆ ಹೊರಡುತ್ತವೆ. ಜೊತೆಗೆ ಬೀಡ ಜಿಲ್ಲೆಯ ಕಡೆಯಿಂದ ಬಂದ ಕಬ್ಬು ಕಡಿಯುವವರ ಎತ್ತಿನ ಗಾಡಿಗಳು. ಈ ಸಲ ಪಾಲಕರ ಸಭೆಗೆ ಬಂದಿದ್ದ ರೈತರೊಬ್ಬರು, "ಸರ, ಟ್ರ್ಯಾಕ್ಟರಕ್ಕ ಎಲ್‌ಇಡಿ ಹಾಕಸ್ಬೇಕಂತ ಮಾಡೀನ್ರಿ, ಎಷ್ಟ ವ್ಯಾಟಿಂದು ಚಲೋ?" ಎಂದು ಕೇಳಿದರು. ನಾವು ಇತಿಹಾಸ ಕಲಿಸುವವರು, ಅಂಗಡಿಯವರಲ್ಲ. ಆದರೂ ದೀಪ ಆರಿಸುವ ಪ್ರಶ್ನೆ ಹಳೆಯದು. ಅದರ ಕಥೆ ತಿಳಿದರೆ ಉತ್ತರ ಸುಲಭವಾದೀತು ಎನಿಸಿತು.

ಬಂಡಿ ಬೆಂಕಿಯ ಬಲದಿಂದ ಓಡತೊಡಗಿದಾಗ ಅದಕ್ಕೆ ದೀಪವೇ ಇರಲಿಲ್ಲ. ಮೊದಮೊದಲ ರೈಲುಗಳು ಹೆಚ್ಚಾಗಿ ಹಗಲಲ್ಲೇ ಓಡಿದವು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1830ರ ದಶಕದ ಮೊದಲಲ್ಲಿ ಹೊರೇಶಿಯೊ ಅಲೆನ್ ಎಂಬ ಎಂಜಿನಿಯರ್ ರಾತ್ರಿ ಓಡಿಸಲು ಮಾಡಿದ ಉಪಾಯ ಕೇಳಿದರೆ ಮಕ್ಕಳು ನಗುತ್ತಾರೆ. ಎಂಜಿನ್ನಿನ ಮುಂದೆ ತೆರೆದ ಬಂಡಿ ಜೋಡಿಸಿ, ಅದರ ಮೇಲೆ ಮರಳು ಹಾಸಿ, ಪೈನ್ ಮರದ ಗಂಟುಗಳ ಬೆಂಕಿ ಹಾಕಿದ! ಆಮೇಲೆ ಎಣ್ಣೆಯ ದೀಪಗಳು, ಅವುಗಳ ಹಿಂದೆ ಹೊಳೆಯುವ ತಗಡು ಬಂದವು.

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. ನಮ್ಮ ಅಕ್ಕಲಕೋಟ ರೋಡ್, ದುಧನಿ ಸ್ಟೇಷನ್ನುಗಳಲ್ಲಿ ಮಕ್ಕಳು ಇಂದಿಗೂ ನೋಡಬಹುದಾದ ಒಂದು ಸಂಗತಿಯಿದೆ. ಗಾಡಿಯ ಕೊನೆಯ ಡಬ್ಬಿಯ ಹಿಂದೆ ಹಗಲಲ್ಲಿ 'ಎಲ್‌ವಿ' ಎಂಬ ಫಲಕ, ರಾತ್ರಿ ಕೆಂಪು ದೀಪ. ಅದನ್ನು ಕಂಡರೆ ಗಾಡಿ ಪೂರ್ತಿ ಬಂತು, ನಡುವೆ ತುಂಡಾಗಿ ಡಬ್ಬಿಗಳು ಹಿಂದೆ ಉಳಿದಿಲ್ಲ ಎಂದು ಸ್ಟೇಷನ್ನಿನವರಿಗೆ ಗೊತ್ತಾಗುತ್ತದೆ. ದಾರಿ ಕಾಣಿಸಲು ಅದು ಏನೂ ಕೆಲಸಕ್ಕೆ ಬಾರದು. ಆದರೆ ಹಿಂದಿನಿಂದ ಬರುವ ಗಾಡಿಯ ಜನರ ಜೀವ ಅದರ ಮೇಲಿದೆ.

ಕೆಲಸದ ದೀಪದ ಚರಿತ್ರೆಯಲ್ಲಿ ನಮಗೆ ಅತಿ ದೊಡ್ಡ ಪಾಠವೆನಿಸುವುದು ಗಣಿಯದು. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸಿಡಿದು 92 ಮಂದಿ ಸತ್ತರು. ಅವರಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗರೂ ಇದ್ದರು. ಕಾರಣ, ಗಣಿಯ ಅನಿಲಕ್ಕೆ ತೆರೆದ ಜ್ವಾಲೆ ತಗಲುವುದು. ದೀಪವಿಲ್ಲದೆ ಕೆಲಸವಿಲ್ಲ, ದೀಪ ಹಚ್ಚಿದರೆ ಸಾವು. 1815ರಲ್ಲಿ ಹಂಫ್ರಿ ಡೇವಿ ಇದಕ್ಕೊಂದು ದಾರಿ ಹುಡುಕಿದರು. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿದರೆ ಲೋಹ ಶಾಖವನ್ನು ಹೀರಿಕೊಳ್ಳುತ್ತದೆ, ಜ್ವಾಲೆ ಹೊರಗಿನ ಅನಿಲಕ್ಕೆ ದಾಟುವುದಿಲ್ಲ. ಅದೇ ಹೊತ್ತಿಗೆ ಜಾರ್ಜ್ ಸ್ಟೀಫನ್‌ಸನ್ ಕೂಡ ತಮ್ಮದೇ ಸುರಕ್ಷಾ ದೀಪ ಮಾಡಿದ್ದರು. ಯಾರು ಮೊದಲು ಎಂಬ ಜಗಳ ಬಹಳ ನಡೆಯಿತು, ಅದು ನಮಗೆ ಬೇಡ. ಡೇವಿ ಮಾತ್ರ ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಆ ದೀಪದ ಬೆಳಕು ಮೇಣದ ಬತ್ತಿಗಿಂತಲೂ ಮಂದ. ಅದಕ್ಕೇ ಕೂಲಿಕಾರರು ಕೆಲವು ಸಲ ಜಾಲರಿ ತೆಗೆದುಬಿಡುತ್ತಿದ್ದರು. ಕಡಿದ ಕಲ್ಲಿದ್ದಲಿನ ಲೆಕ್ಕಕ್ಕೆ ಕೂಲಿ ಸಿಗುವವನಿಗೆ ಕಣ್ಣು ಕಾಣದಿದ್ದರೆ ಅವತ್ತಿನ ಹೊಟ್ಟೆಯ ಪ್ರಶ್ನೆ. ಇನ್ನೊಂದು ಕಡೆ ಮಾಲಕರು, ಈಗ ದೀಪವಿದೆಯಲ್ಲ ಎಂದು, ಹಿಂದೆ ಅನಿಲಕ್ಕೆ ಹೆದರಿ ಬಿಟ್ಟಿದ್ದ ಭಾಗಗಳನ್ನೂ ತೆರೆಯಿಸಿದರು. ಹೀಗಾಗಿ ಸ್ಫೋಟಗಳು ಅಂದುಕೊಂಡಷ್ಟು ಕಡಿಮೆಯಾಗಲಿಲ್ಲ. ಹೊಸ ದೀಪ ಬಂದಾಗ ಜನ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು. ಟ್ರ್ಯಾಕ್ಟರಿನ ತಲೆಗೆ ಎಲ್‌ಇಡಿ ಪಟ್ಟಿ ಬಂದ ಮೇಲೆ ರಾತ್ರಿಯಿಡೀ ದುಡಿಸುವುದು, ನಿದ್ದೆಗಣ್ಣಲ್ಲಿ ಓಡಿಸುವುದು ಹೆಚ್ಚಿಲ್ಲವೇ?

ಇನ್ನು ಕಾರ್ಬೈಡಿನ ಕಾಲ. ಮಾವು, ಬಾಳೆ ಬೇಗ ಹಣ್ಣಾಗಲೆಂದು ಕಳ್ಳತನದಿಂದ ಬಳಸುವ (ಕಾನೂನು ಇದನ್ನು ನಿಷೇಧಿಸಿದೆ) ಅದೇ ಕಾರ್ಬೈಡ್. ಅದರ ಮೇಲೆ ನೀರು ಹನಿಸಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಹಚ್ಚಿದರೆ ಬೆಳ್ಳಗೆ ಉರಿಯುತ್ತದೆ. 1892ರಲ್ಲಿ ಇದನ್ನು ಅಗ್ಗವಾಗಿ ತಯಾರಿಸುವ ದಾರಿ ಸಿಕ್ಕ ಮೇಲೆ ಸೈಕಲ್ಲು, ಮೋಟಾರು, ಗಣಿಕಾರರ ಟೋಪಿ, ಎಲ್ಲಕ್ಕೂ ಇದೇ ದೀಪವಾಯಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದಿನ ದೀಪಗಳೂ ಅಸಿಟಿಲೀನಿನವೇ.

ಈ ಅನಿಲವನ್ನು ಬರಿದೇ ಒತ್ತಿ ತುಂಬಿದರೆ ಸಿಡಿಯುತ್ತದೆ. ಅಸಿಟೋನಿನಲ್ಲಿ ಕರಗಿಸಿ, ಸಿಲಿಂಡರಿನೊಳಗೆ ರಂಧ್ರಗಳ ಪದಾರ್ಥ ತುಂಬಿ ಸುರಕ್ಷಿತವಾಗಿಡುವ ಕೆಲಸದಲ್ಲಿ ಸ್ವೀಡನ್ನಿನ ಗುಸ್ತಾಫ್ ಡಾಲೆನ್ ದುಡಿದರು. ಹಗಲಾದರೆ ತಾನೇ ಆರಿ, ಕತ್ತಲಾದರೆ ತಾನೇ ಹೊತ್ತುವ ದೀಪಸ್ತಂಭದ ಕವಾಟವೂ ಅವರದೇ. 1912ರಲ್ಲಿ ಸಿಲಿಂಡರ್ ಪರೀಕ್ಷಿಸುವಾಗ ಸ್ಫೋಟವಾಗಿ ಅವರ ಎರಡೂ ಕಣ್ಣು ಹೋದವು. ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಬಂತು, ಸ್ವೀಕರಿಸಲು ಅವರ ಸಹೋದರ ಹೋದರು. ಲೋಕದ ಹಡಗುಗಳಿಗೆ ದಾರಿ ತೋರಿದವರು ಮುಂದಿನ 25 ವರ್ಷ ಕಣ್ಣಿಲ್ಲದೆಯೇ ಕಂಪನಿ ನಡೆಸಿದರು. ಈ ಪಾಠವನ್ನು ಹೇಳುವಾಗ ತರಗತಿ ತಾನಾಗಿ ಸುಮ್ಮನಾಗುತ್ತದೆ.

ವಿದ್ಯುತ್ ದೀಪದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿಬಿಡುತ್ತೇವೆ. ಮಾಡೆಲ್ ಟಿಗೆ 1915ರ ಹೊತ್ತಿಗೆ ವಿದ್ಯುತ್ ದೀಪ ಬಂತು. ಆದರೆ ನಮ್ಮ ಹಳೆಯ ಸೈಕಲ್ ಡೈನಮೋದಂತೆ, ಎಂಜಿನ್ ನಿಧಾನವಾದರೆ ಬೆಳಕೂ ಮಂದ. 1940ರಲ್ಲಿ ಅಮೆರಿಕದಲ್ಲಿ ಸೀಲ್ಡ್ ಬೀಮ್, 1960ರ ದಶಕದಲ್ಲಿ ಯುರೋಪಿನ ಕಾರುಗಳಿಗೆ ಹ್ಯಾಲೊಜೆನ್. 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾಗಿ, ಅದರಿಂದ ಬಿಳಿ ಎಲ್‌ಇಡಿ ಬಂತು. ನೀಲಿ ಎಲ್‌ಇಡಿಗೆ 2014ರಲ್ಲಿ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ ನೊಬೆಲ್.

ಈಗ ರೈತರ ಪ್ರಶ್ನೆಗೆ ಬರೋಣ. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತು, ಕೊಡುವ ಬೆಳಕಲ್ಲ. ಬೆಳಕಿನ ಅಳತೆ ಲ್ಯೂಮೆನ್. 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ಸುಮಾರು 1500 ಲ್ಯೂಮೆನ್ ಕೊಡುತ್ತದೆ. ಅಷ್ಟು ಬೆಳಕಿಗೆ ಒಳ್ಳೆಯ ಎಲ್‌ಇಡಿಗೆ ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕು. ಹೊಲದಲ್ಲಿ ಹತ್ತಿರದ ಕೆಲಸಕ್ಕೆ ಅಗಲವಾಗಿ ಹರಡುವ ದೀಪ ಬೇಕು, ದೂರಕ್ಕೆ ಚುಚ್ಚುವಂಥದ್ದಲ್ಲ. ಹಿಂದೆ ಅಲ್ಯೂಮಿನಿಯಮ್ ರೆಕ್ಕೆಗಳಿವೆಯೇ ನೋಡಿ, ಶಾಖ ಹೋಗದಿದ್ದರೆ ಎಲ್‌ಇಡಿ ಬೇಗ ಸಾಯುತ್ತದೆ. ಐಪಿ67 ಎಂದಿದ್ದರೆ ಧೂಳು ಒಳಹೋಗದು, ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ತಡೆಯುತ್ತದೆ. ಮುಖ್ಯವಾಗಿ, ಹೊಲದ ದೀಪವನ್ನು ರಸ್ತೆಗೆ ಬರುವ ಮೊದಲು ಆರಿಸಬೇಕು. ಅದಕ್ಕೆ ಬೇರೆಯೇ ಸ್ವಿಚ್ ಇರಲಿ. ಎದುರಿಗೆ ಬರುವ ಸೈಕಲ್ ಸವಾರನಿಗೆ ಅದು ಬೆಳಕಲ್ಲ, ಕುರುಡು.

ಮುಂದಿನ ದೀಪಕ್ಕೆ ಸಾವಿರಗಟ್ಟಲೆ ಸುರಿಯುವವರು ಹಿಂದಿನದಕ್ಕೆ ನೂರು ರೂಪಾಯಿ ಖರ್ಚು ಮಾಡುವುದಿಲ್ಲ ಎಂಬುದು ನಮ್ಮ ತಕರಾರು. ಟ್ರೇಲರಿಗೂ ಹಿಂದೆ ಕೆಂಪು ದೀಪ, ಕೆಂಪು ರಿಫ್ಲೆಕ್ಟರ್ ಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ರಿಫ್ಲೆಕ್ಟರಿಗೆ ಬ್ಯಾಟರಿ ಬೇಡ, ತಂತಿ ಬೇಡ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ರಸ್ತೆಗೆ ಹುಗಿಯುವ 'ಬೆಕ್ಕಿನ ಕಣ್ಣು' ಮಾಡಿದ್ದೂ ಇದೇ ತತ್ವದ ಮೇಲೆ: ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದು. ಎತ್ತಿನ ಗಾಡಿಗೂ ಇದು ಸಾಕು.

ಒಂದೇ ತೊಡಕು. ಕಬ್ಬು ಹೇರಿದ ಮೇಲೆ ಜಲ್ಲೆಗಳು ಹಿಂದಕ್ಕೆ ಚಾಚಿ ಟ್ರೇಲರಿನ ಕೆಂಪು ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿಬಿಡುತ್ತವೆ. ಹಾಗಾಗಿ ಒಂದು ಮೊಳ ಹಲಗೆಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಎರಡು ತೂತು ಹಾಕಿ ಹಗ್ಗ ಪೋಣಿಸಿ ಇಟ್ಟುಕೊಳ್ಳಿ. ಹೇರುವುದು ಮುಗಿದ ಮೇಲೆ ಕಟ್ಟಕಡೆಯ ಜಲ್ಲೆಗಳ ತುದಿಗೆ, ಹಿಂದೆ ಬರುವ ಮೋಟಾರ್ ಸೈಕಲ್ಲಿನ ದೀಪದ ಎತ್ತರಕ್ಕೆ, ಕಟ್ಟಬೇಕು.