‘20 ವಿಮರ್ಶೆಗಳು ಹೇಳಿವೆ’ ಎಂಬ ಫಾರ್ವರ್ಡ್: ಒಂದೇ ಸಂಶೋಧನೆಯನ್ನು ಎಷ್ಟು ಸಲ ಎಣಿಸಬಹುದು?

ಮೈಸೂರಿನ ಕೃಷ್ಣಮೂರ್ತಿಪುರಂನಿಂದ ಓದುಗರೊಬ್ಬರು ತಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದ ಸಂದೇಶವೊಂದನ್ನು ನಮಗೆ ಕಳಿಸಿದ್ದಾರೆ. “ಮೆಂತ್ಯ ತಿಂದರೆ ಶುಗರ್ ಮಾತ್ರೆ ಬೇಡ. ಇದನ್ನು ಹೇಳುತ್ತಿರುವುದು ನಾವಲ್ಲ, 20 ವೈಜ್ಞಾನಿಕ ವಿಮರ್ಶೆಗಳು” ಎಂಬುದು ಅದರ ಸಾರ. ಅದನ್ನು ಓದಿದ ಅವರ ತಂದೆ ಒಂದು ವಾರದಿಂದ ಮಾತ್ರೆ ಬಿಟ್ಟಿದ್ದಾರಂತೆ. “20 ಜನ ಸೇರಿ ಸುಳ್ಳು ಹೇಳ್ತಾರಾ ಅಂತ ಅಪ್ಪ ಕೇಳ್ತಾರೆ. ಏನು ಉತ್ತರ ಕೊಡಲಿ?” ಎಂಬುದು ಅವರ ಪ್ರಶ್ನೆ.

ಮೊದಲು ತುರ್ತಿನ ಮಾತು. ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದ್ದರೆ ಇವತ್ತೇ ಅವರ ವೈದ್ಯರಿಗೆ ತಿಳಿಸಿ. ಮೆಂತ್ಯವನ್ನೂ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಎರಡೂ ಸೇರಿ ಶುಗರ್ ಬೇಕಾದ್ದಕ್ಕಿಂತ ಕೆಳಗೆ ಇಳಿಯುವ ಸಾಧ್ಯತೆ ಇದೆ.

ಇನ್ನು ಆ 20ರ ಲೆಕ್ಕ. ಯಾರೂ ಸುಳ್ಳು ಹೇಳದೆಯೂ ಈ ಸಂಖ್ಯೆ ನಮ್ಮನ್ನು ದಾರಿ ತಪ್ಪಿಸಬಹುದು.

ವಿಮರ್ಶೆ ಬೇರೆ, ಪ್ರಯೋಗ ಬೇರೆ

ವೈದ್ಯಕೀಯದಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ ಅಥವಾ ವ್ಯವಸ್ಥಿತ ವಿಮರ್ಶೆ ಎಂದರೆ, ಒಂದು ಪ್ರಶ್ನೆಯ ಬಗ್ಗೆ ಜಗತ್ತಿನಲ್ಲಿ ನಡೆದಿರುವ ಟ್ರಯಲ್‌ಗಳನ್ನೆಲ್ಲ ಮೊದಲೇ ಗೊತ್ತು ಮಾಡಿಕೊಂಡ ನಿಯಮದಂತೆ ಹುಡುಕಿ, ಒಳ್ಳೆಯದು ಕೆಟ್ಟದ್ದು ಅಳೆದು, ಫಲಿತಾಂಶವನ್ನು ಒಟ್ಟುಗೂಡಿಸುವುದು. ವಿಮರ್ಶೆ ಮಾಡುವವರು ಯಾರಿಗೂ ಮೆಂತ್ಯ ತಿನ್ನಿಸುವುದಿಲ್ಲ, ಯಾರ ರಕ್ತವನ್ನೂ ತೆಗೆಯುವುದಿಲ್ಲ. ಬೇರೆಯವರು ತೆಗೆದ ಲೆಕ್ಕವನ್ನು ಕೂಡುತ್ತಾರೆ, ಅಷ್ಟೆ.

ಮೆಂತ್ಯದ್ದೇ ನೋಡಿ. 2014ರಲ್ಲಿ ಪ್ರಕಟವಾದ ಒಂದು ವಿಮರ್ಶೆಗೆ ಸಿಕ್ಕಿದ್ದು 10 ಟ್ರಯಲ್‌ಗಳು. 2016ರಲ್ಲಿ ಇನ್ನೊಂದು ಬಂತು, 2023ರಲ್ಲಿ ಮತ್ತೆ ಬಂತು. ನಡುವೆ ಹೊಸ ಟ್ರಯಲ್‌ಗಳು ಕೆಲವು ಸೇರಿರಬಹುದು, ಆದರೆ ಎಲ್ಲರೂ ನೀರು ಸೇದುವುದು ಒಂದೇ ಬಾವಿಯಿಂದ. ಆ ಬಾವಿಯೂ ಸಣ್ಣದು. 2014ರ ವಿಮರ್ಶೆ ಮೆಂತ್ಯದಿಂದ ಶುಗರ್ ಒಂದಿಷ್ಟು ಇಳಿದದ್ದನ್ನು ಗುರುತಿಸಿತು, ಜೊತೆಗೆ ಹೆಚ್ಚಿನ ಟ್ರಯಲ್‌ಗಳ ಗುಣಮಟ್ಟ ಕಡಿಮೆ ಎಂದೂ ಹೇಳಿತು. ಆ ಎರಡನೆಯ ಮಾತು ಫಾರ್ವರ್ಡ್‌ಗೆ ಹತ್ತಲಿಲ್ಲ.

ಇನ್ನೊಂದು ವಿಷಯವೂ ಹತ್ತಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿ, ಅದೂ ಜಿಡ್ಡು ತೆಗೆದದ್ದು. ರಾತ್ರಿ ನೆನೆಸಿ ಬೆಳಿಗ್ಗೆ ನುಂಗುವ ಒಂದು ಚಮಚಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ? ಅದರಲ್ಲಿ ಭಾಗವಹಿಸಿದವರು ಟೈಪ್ 1 ಮಧುಮೇಹಿಗಳು, ಇನ್ಸುಲಿನ್ ಇಲ್ಲದೆ ಬದುಕಲಾಗದವರು.

ಒಂದೇ ಸುದ್ದಿ ಐದು ಗ್ರೂಪುಗಳಿಂದ ನಿಮ್ಮ ಫೋನಿಗೆ ಬಂದರೆ ಅದು ಐದು ಸಾಕ್ಷಿ ಆಗುವುದಿಲ್ಲ, ಒಬ್ಬನೇ ಸಾಕ್ಷಿಯನ್ನು ಐದು ಸಲ ಕೇಳಿದ ಹಾಗೆ. 20 ವಿಮರ್ಶೆಗಳ ಕಥೆಯೂ ಬಹುಮಟ್ಟಿಗೆ ಇದೇ.

ಇಷ್ಟೊಂದು ವಿಮರ್ಶೆ ಯಾಕೆ?

ಇದು ಮೆಂತ್ಯಕ್ಕೆ ಮಾತ್ರ ಅಂಟಿದ ರೋಗವಲ್ಲ. ಬಿಎಂಜೆ ಪತ್ರಿಕೆಯಲ್ಲಿ 2013ರಲ್ಲಿ ಬಂದ ಅಧ್ಯಯನವೊಂದು, 2010ರಲ್ಲಿ ಪ್ರಕಟವಾಗಿದ್ದ 73 ಮೆಟಾ ಅನಾಲಿಸಿಸ್‌ಗಳನ್ನು, ಅಂದರೆ ಹಲವು ಟ್ರಯಲ್‌ಗಳ ಅಂಕಿಗಳನ್ನು ಕೂಡಿಸಿದ ವಿಶ್ಲೇಷಣೆಗಳನ್ನು, ತೆಗೆದುಕೊಂಡು ಅದೇ ವಿಷಯದಲ್ಲಿ ಬೇರೆಯವೂ ಇವೆಯೇ ಎಂದು ಹುಡುಕಿತು. 49ಕ್ಕೆ, ಅಂದರೆ ಮೂರರಲ್ಲಿ ಎರಡು ಭಾಗಕ್ಕೆ, ಕನಿಷ್ಠ ಒಂದಾದರೂ ಜೋಡಿ ಸಿಕ್ಕಿತು. ಒಂದು ವಿಷಯಕ್ಕಂತೂ ಇಂಥ 13 ಸಿಕ್ಕವು.

ಒಬ್ಬರು ಮಾಡುತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗುವುದು ಪ್ರಕಟವಾದ ಮೇಲೆಯೇ. ಆಗಲೇ ತಿಂಗಳುಗಟ್ಟಲೆ ಶ್ರಮ ಹೋಗಿರುತ್ತದೆ. ಟ್ರಯಲ್ ನಡೆಸಲು ಆಸ್ಪತ್ರೆ, ರೋಗಿಗಳು, ಹಣ ಬೇಕು. ವಿಮರ್ಶೆಗೆ ಕಂಪ್ಯೂಟರ್ ಮತ್ತು ತಾಳ್ಮೆ ಇದ್ದರೆ ಸಾಕು. ಪ್ರಕಟಣೆಯ ಸಂಖ್ಯೆಯಿಂದಲೇ ಬಡ್ತಿ ಸಿಗುವ ಕಡೆ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮದ್ದಾಗಿ 2011ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಕೇಂದ್ರವೊಂದು ‘ಪ್ರಾಸ್ಪೆರೊ’ ಎಂಬ ನೋಂದಣಿ ಪುಸ್ತಕವನ್ನು ಅಂತರಜಾಲದಲ್ಲಿ ತೆರೆಯಿತು. ಆರೋಗ್ಯದ ವಿಷಯದಲ್ಲಿ ವ್ಯವಸ್ಥಿತ ವಿಮರ್ಶೆ ಮಾಡಹೊರಟವರು ಕೆಲಸ ಶುರುಮಾಡುವ ಮುಂಚೆಯೇ ಅದರಲ್ಲಿ ಬರೆದಿಡಬೇಕು: ಪ್ರಶ್ನೆ ಯಾವುದು, ಎಂಥ ರೋಗಿಗಳ ಟ್ರಯಲ್‌ಗಳನ್ನು ಸೇರಿಸುತ್ತೇವೆ, ಯಾವ ಫಲಿತಾಂಶವನ್ನು ಅಳೆಯುತ್ತೇವೆ, ಯಾವಾಗ ಮುಗಿಸುತ್ತೇವೆ. ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ನೋಂದಾಯಿಸಬಹುದು, ಶುಲ್ಕವಿಲ್ಲ. ಹುಡುಕಿ ಓದಲು ಲಾಗಿನ್ ಕೂಡ ಬೇಡ.

ಕೃಷ್ಣಮೂರ್ತಿಪುರಂ ಶಾರದಾವಿಲಾಸ ಸಂಸ್ಥೆಯ ಫಾರ್ಮಸಿ ಕಾಲೇಜಿರುವ ಬಡಾವಣೆ. ಅಲ್ಲಿನ ವಿದ್ಯಾರ್ಥಿಯೊಬ್ಬರು ಮೆಂತ್ಯದ ಮೇಲೆ ವಿಮರ್ಶೆ ಬರೆಯಬೇಕೆಂದುಕೊಂಡರು ಎಂದು ಊಹಿಸಿಕೊಳ್ಳಿ. ಪ್ರಾಸ್ಪೆರೊದಲ್ಲಿ ಅರ್ಧ ಗಂಟೆ ಹುಡುಕಿದರೆ ಅದೇ ಕೆಲಸವನ್ನು ಯಾರು ಹಿಡಿದಿದ್ದಾರೆ ಎಂದು ಗೊತ್ತಾಗುತ್ತದೆ. ಆಮೇಲೆ ಅವರ ಜೊತೆ ಸೇರಬಹುದು, ಪ್ರಶ್ನೆ ಬದಲಿಸಬಹುದು, ಇಲ್ಲವೇ ಹಳೆಯ ವಿಮರ್ಶೆಯಲ್ಲಿ ತಪ್ಪಿದೆ ಎನಿಸಿದರೆ ಕಾರಣ ಹೇಳಿ ಮುಂದುವರಿಯಬಹುದು.

ನೋಂದಣಿಗೆ ಇನ್ನೊಂದು ಲಾಭ ಇದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ಅಳೆಯುತ್ತೇವೆ ಎಂದು ಮೊದಲು ಹೇಳಿದ್ದು ಮೂರು ತಿಂಗಳ ಸರಾಸರಿ ಶುಗರ್; ಅದರಲ್ಲಿ ಏನೂ ಸಿಗಲಿಲ್ಲ ಎಂದು ಕೊನೆಗೆ ಬೇರೆ ಯಾವುದೋ ಅಂಕಿಯನ್ನು ಮುಂದೆ ಮಾಡಿದರೆ ಸಿಕ್ಕಿಬೀಳುತ್ತಾರೆ. ತಿದ್ದುಪಡಿ ಮಾಡಬಹುದು, ಆದರೆ ಹಳೆಯ ಬರಹ ದಿನಾಂಕದ ಸಮೇತ ಅಲ್ಲೇ ಉಳಿಯುತ್ತದೆ.

ಮತ್ತೆ ಮಾಡಿದ್ದೆಲ್ಲ ವ್ಯರ್ಥವೇ?

ಅಲ್ಲ. ಇದಕ್ಕೆ ನಮ್ಮ ಬೆಳಗಾವಿಯೇ ಉದಾಹರಣೆ.

ತಿಂಗಳು ತುಂಬುವ ಮುಂಚೆ ಹೆರಿಗೆಯಾಗುವ ಸೂಚನೆ ಇದ್ದರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಮಗುವಿನ ಶ್ವಾಸಕೋಶ ಬಲಿಯಲಿ ಎಂದು. ಇದರಿಂದ ಉಪಯೋಗವಿದೆ ಎಂದು ನ್ಯೂಜಿಲೆಂಡಿನ ಟ್ರಯಲ್ ವರದಿ ಮಾಡಿದ್ದು 1972ರಲ್ಲಿ. ಆಮೇಲೆ ಒಂದರ ಹಿಂದೊಂದು ಟ್ರಯಲ್ ನಡೆದವು, ಆದರೆ ಎಲ್ಲವನ್ನೂ ಒಟ್ಟಿಗೆ ಕೂಡಿಸಿದ ವ್ಯವಸ್ಥಿತ ವಿಮರ್ಶೆ ಬಂದದ್ದು 1989ರಲ್ಲಿ. ಉತ್ತರ ಕಣ್ಣೆದುರಿಗೇ ಇದ್ದರೂ ಅಲ್ಲಿಯವರೆಗೆ ಹೆಚ್ಚಿನ ವೈದ್ಯರು ಅದನ್ನು ಬಳಸುತ್ತಿರಲಿಲ್ಲ, ಉಳಿಯಬಹುದಾಗಿದ್ದ ಕೂಸುಗಳು ಸತ್ತವು. ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ವಿಮರ್ಶಾ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಆ ಟ್ರಯಲ್‌ಗಳದ್ದೇ.

ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಂಡರೆ ತಪ್ಪು. ಆ ಟ್ರಯಲ್‌ಗಳು ಬಹುತೇಕ ದೊಡ್ಡ ಆಸ್ಪತ್ರೆಗಳಲ್ಲಿ ನಡೆದವು. ಹಳ್ಳಿಗಳಲ್ಲೂ ಹೀಗೇ ಆಗುತ್ತದೆಯೇ ಎಂದು ನೋಡಲು ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ಟ್ರಯಲ್ ನಡೆಯಿತು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಚ್ಚಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಸ್ಟಿರಾಯ್ಡ್ ಬಳಕೆ ಹೆಚ್ಚಿಸಿದ ಪ್ರದೇಶಗಳಲ್ಲಿ ಸಾವಿರಕ್ಕೆ 27.4 ನವಜಾತ ಶಿಶುಗಳು ತೀರಿಕೊಂಡಿದ್ದವು, ಉಳಿದ ಕಡೆ 23.9. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ, ಈ ಸಲ ಸುಸಜ್ಜಿತ ಆಸ್ಪತ್ರೆಗಳಲ್ಲಿ, ಭಾರತವೂ ಸೇರಿದ ಐದು ದೇಶಗಳಲ್ಲಿ ಇನ್ನೊಂದು ಟ್ರಯಲ್ ನಡೆಸಿತು. ಬೆಳಗಾವಿ ಅದರಲ್ಲೂ ಇತ್ತು. 2,852 ತಾಯಂದಿರು ಭಾಗವಹಿಸಿದರು. ಸ್ಟಿರಾಯ್ಡ್ ಪಡೆದವರ ಶಿಶುಗಳಲ್ಲಿ ಸಾವು 19.6%, ಪಡೆಯದವರಲ್ಲಿ 23.5%. ಲಾಭ ಖಚಿತವಾದ್ದರಿಂದ 2020ರ ಈ ಟ್ರಯಲ್ ಅನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಪ್ರಶ್ನೆ ಅದೇ ಹಳೆಯದು, ಆದರೆ ಯಾಕೆ ಮತ್ತೆ ಕೇಳುತ್ತಿದ್ದೇವೆ ಎಂದು ಅವರಿಗೆ ಗೊತ್ತಿತ್ತು.

ಫೋನಿನಲ್ಲೇ ನೋಡುವುದು ಹೇಗೆ?

ಫಾರ್ವರ್ಡ್‌ನಲ್ಲಿ ಲಿಂಕ್ ಇದ್ದರೆ ತೆರೆಯಿರಿ. ವ್ಯವಸ್ಥಿತ ವಿಮರ್ಶೆಯಾಗಿದ್ದರೆ ಸಾರಾಂಶದ ಕೊನೆಯಲ್ಲೋ ವಿಧಾನದ ಭಾಗದಲ್ಲೋ ‘ಸಿಆರ್‌ಡಿ 42’ ಎಂದು ಶುರುವಾಗುವ ಸಂಖ್ಯೆ ಇದೆಯೇ ನೋಡಿ. ಅದು ಪ್ರಾಸ್ಪೆರೊ ಸಂಖ್ಯೆ. ಅದನ್ನು ಆ ತಾಣದಲ್ಲಿ ಹಾಕಿದರೆ ಮೊದಲು ಏನು ಮಾಡುತ್ತೇವೆಂದಿದ್ದರು ಎಂಬುದು ತೆರೆದುಕೊಳ್ಳುತ್ತದೆ. ಭಾರತದಲ್ಲಿ ನಡೆದ ಟ್ರಯಲ್ ಆದರೆ ‘ಸಿಟಿಆರ್‌ಐ’ ಎಂದು ಶುರುವಾಗಿ ವರ್ಷ, ತಿಂಗಳು ಇರುವ ಸಂಖ್ಯೆ ಹುಡುಕಿ. ಅದು ಐಸಿಎಂಆರ್ 2007ರ ಜುಲೈಯಲ್ಲಿ ಆರಂಭಿಸಿದ ಟ್ರಯಲ್ ನೋಂದಣಿ. 2009ರ ಜೂನ್ 15ರಿಂದ ಅದು ಕಡ್ಡಾಯ, 2018ರ ಏಪ್ರಿಲ್‌ನಿಂದ ಟ್ರಯಲ್ ಶುರುವಾದ ಮೇಲೆ ನೋಂದಾಯಿಸಲು ಬರುವುದಿಲ್ಲ. ಆಯುರ್ವೇದ ಔಷಧಿಗಳ ಟ್ರಯಲ್‌ಗಳೂ ಅಲ್ಲಿ ಸಿಗುತ್ತವೆ.

ಸಂಖ್ಯೆ ಇದ್ದ ಮಾತ್ರಕ್ಕೆ ವಿಮರ್ಶೆ ಒಳ್ಳೆಯದು ಎಂದಲ್ಲ. ಪ್ರಾಸ್ಪೆರೊ ಯಾರ ಸಂಶೋಧನೆಗೂ ಐಎಸ್‌ಐ ಮಾರ್ಕ್ ಒತ್ತುವುದಿಲ್ಲ, ಒಂದೇ ವಿಷಯದ ಎರಡನೇ ನೋಂದಣಿಯನ್ನು ತಡೆಯುವುದೂ ಇಲ್ಲ. ಕೋವಿಡ್ ಕಾಲದಲ್ಲಿ ಒಂದೇ ಪ್ರಶ್ನೆಗೆ ಹಲವು ತಂಡಗಳು ಅಲ್ಲಿ ಸಾಲುಗಟ್ಟಿದ್ದವು. ಸಂಖ್ಯೆ ಇಲ್ಲದ ಹಳೆಯ ಒಳ್ಳೆಯ ವಿಮರ್ಶೆಗಳೂ ಇವೆ.

ಕೃಷ್ಣಮೂರ್ತಿಪುರಂನಿಂದ ಬಂದ ಆ ಸಂದೇಶದಲ್ಲಿ ನೋಂದಣಿ ಸಂಖ್ಯೆ ಇರಲಿ, ಒಂದು ಲಿಂಕ್ ಕೂಡ ಇರಲಿಲ್ಲ. ನಿಮ್ಮ ತಂದೆಯವರಿಗೆ ಹೀಗೆ ಹೇಳಿ ನೋಡಿ: ಆ ವಿಮರ್ಶೆಗಳು ಕೇಳಿದ್ದು ಮೆಂತ್ಯದಿಂದ ಶುಗರ್ ಎಷ್ಟು ಇಳಿಯುತ್ತದೆ ಎಂದು, ಮಾತ್ರೆ ಬಿಡಬಹುದೇ ಎಂದಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಬಿಟ್ಟ ದಿನಗಳ ಲೆಕ್ಕವನ್ನೂ ಮೆಂತ್ಯದ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ.